ಚಿಪ್ ಜೋಡಿಸಿದವರೆಲ್ಲ ಚಿಪ್ ಮಾಡಲಿಲ್ಲ: ಪೂರ್ವ ಏಷ್ಯಾದಲ್ಲಿ ಕಲಿತವರು ಯಾರು, ಅರ್ಧಕ್ಕೇ ನಿಂತವರು ಯಾರು

ಪ್ರತಿ ವರ್ಷ ಸೆಪ್ಟೆಂಬರ್ ಸುಮಾರಿಗೆ ಜಾಗತಿಕ ಇನ್ನೋವೇಷನ್ ಸೂಚ್ಯಂಕ ಅಂತ ಒಂದು ಪಟ್ಟಿ ಬರುತ್ತದೆ. ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ಹೊರಡಿಸುವ ಪಟ್ಟಿ ಇದು. ಬಂದ ಕೂಡಲೇ ಭಾರತ ಎಷ್ಟನೇ ಸ್ಥಾನದಲ್ಲಿದೆ ಅನ್ನೋ ಸುದ್ದಿ ಓಡಾಡುತ್ತದೆ, ಎರಡು ದಿನಕ್ಕೆ ತಣ್ಣಗಾಗುತ್ತದೆ. 2024ರ ಪಟ್ಟಿಯಲ್ಲಿ 133 ದೇಶಗಳಿದ್ದವು. ಸಿಂಗಪುರ 4, ದಕ್ಷಿಣ ಕೊರಿಯಾ 6, ಚೀನಾ 11, ಜಪಾನ್ 13. ಸ್ವಲ್ಪ ಕೆಳಗೆ ಬಂದರೆ ಮಲೇಷ್ಯಾ 33, ಥಾಯ್ಲೆಂಡ್ 41, ವಿಯೆಟ್ನಾಂ 44. ಇನ್ನೂ ಕೆಳಗೆ ಫಿಲಿಪ್ಪೀನ್ಸ್ 53, ಇಂಡೋನೇಷ್ಯಾ 54. ನಾವು 39.

ಈ ಪಟ್ಟಿಯಲ್ಲಿ ಒಂದು ತಮಾಷೆ ಇದೆ. ಜಗತ್ತಿನ ಅತಿ ಸೂಕ್ಷ್ಮ ಚಿಪ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ತಯಾರಿಸುವ ತೈವಾನ್‌ನ ಹೆಸರೇ ಅಲ್ಲಿಲ್ಲ. ವಿಶ್ವಸಂಸ್ಥೆ ಅದನ್ನು ಬೇರೆ ದೇಶ ಅಂತ ಎಣಿಸುವುದಿಲ್ಲ, ಹಾಗಾಗಿ ಸ್ಥಾನವೂ ಇಲ್ಲ. ಸುಮಾರು 80 ಅಂಶಗಳನ್ನು ಕೂಡಿ ಕಳೆದು ಮಾಡುವ ಲೆಕ್ಕದಲ್ಲಿ ಈ ವಿಷಯದ ದೊಡ್ಡ ಉದಾಹರಣೆಯೇ ಕಾಣೆ. ಪಟ್ಟಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾರು ಎಲ್ಲಿದ್ದಾರೆ ಅಂತ ಅದು ತೋರಿಸುತ್ತದೆ, ಹೇಗೆ ಅಲ್ಲಿಗೆ ಬಂದರು ಅಂತ ಹೇಳುವುದಿಲ್ಲ. ನನಗೆ ಕುತೂಹಲ ಇರುವುದು ಅದರಲ್ಲೇ.

ಯಾಕೆಂದರೆ ಈ ದೇಶಗಳಲ್ಲಿ ಹಲವು ಒಂದೇ ಕಡೆಯಿಂದ ಹೊರಟವು. 1960ರ ದಶಕದಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ಸ್ ಕಂಪನಿಗಳು ಕಡಿಮೆ ಕೂಲಿಯ ಕೈಗಳನ್ನು ಹುಡುಕಿಕೊಂಡು ಏಷ್ಯಾಕ್ಕೆ ಬಂದವು. ಚಿಪ್ ತಯಾರಾಗುತ್ತಿದ್ದದ್ದು ಅಮೆರಿಕದಲ್ಲಿ. ಅದಕ್ಕೆ ಕೂದಲೆಳೆಯಂಥ ತಂತಿ ಬೆಸೆದು, ಕವಚ ಹಾಕಿ, ಪರೀಕ್ಷೆ ಮಾಡಿ ವಾಪಸ್ ಕಳಿಸುವ ಕೆಲಸ ಮಾತ್ರ ಇಲ್ಲಿ. ಸೂಕ್ಷ್ಮದರ್ಶಕದ ಮುಂದೆ ದಿನವಿಡೀ ಕೂತು ಕಣ್ಣು ನೋಯಿಸಿಕೊಳ್ಳುತ್ತಿದ್ದವರು ಬಹುಪಾಲು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ತೈವಾನ್‌ನಲ್ಲಿ 1966ರಲ್ಲಿ ಕಾವೋಶಿಯುಂಗ್ ರಫ್ತು ವಲಯ ಶುರುವಾಯಿತು. ಕೊರಿಯಾಕ್ಕೆ ಮೊಟೊರೊಲಾ, ಫೇರ್‌ಚೈಲ್ಡ್ ಬಂದವು. ಸಿಂಗಪುರಕ್ಕೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಮಲೇಷ್ಯಾದ ಪೆನಾಂಗ್‌ಗೆ 1972ರಲ್ಲಿ ಇಂಟೆಲ್ ಬಂತು, ಅದು ಇಂಟೆಲ್ ಅಮೆರಿಕದ ಹೊರಗೆ ಕಟ್ಟಿದ ಮೊದಲ ಕಾರ್ಖಾನೆ.

ಅದೇ ಬಗೆಯ ಕಂಪನಿ, ಅದೇ ಕೆಲಸ, ಹೆಚ್ಚುಕಮ್ಮಿ ಅದೇ ಕಾಲ. ಐವತ್ತು ವರ್ಷ ಆದ ಮೇಲೆ ಒಂದು ಕಡೆ ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಮತ್ತು ಕೊರಿಯಾದ ಸ್ಯಾಮ್‌ಸಂಗ್ ಇವೆ, ಇನ್ನೊಂದು ಕಡೆ ಇವತ್ತಿಗೂ ಬಹುಪಾಲು ಬೇರೆಯವರ ಚಿಪ್‌ಗೆ ಕವಚ ಹಾಕುವ ಕೆಲಸ ಇದೆ. ಯಾಕೆ ಹೀಗಾಯಿತು?

ಸಾಮಾನ್ಯವಾಗಿ ಸಿಗುವ ಉತ್ತರ ಮೂರು. ಕೊರಿಯಾದವರು ದುಡಿಯುವ ಜನ, ಅದು ಅವರ ಸಂಸ್ಕೃತಿ ಅನ್ನೋದು ಒಂದು. ಅವರು ಸಂಶೋಧನೆಗೆ ಜಾಸ್ತಿ ಖರ್ಚು ಮಾಡುತ್ತಾರೆ ಅನ್ನೋದು ಎರಡು. ಓದಿದವರು ಜಾಸ್ತಿ ಅನ್ನೋದು ಮೂರು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ, ಮುಂದೆ ಅದಕ್ಕೆ ಬರುತ್ತೇನೆ. ಎರಡು ಮತ್ತು ಮೂರು ನಿಜ, ಆದರೆ ಅರ್ಧ ನಿಜ. ಕೊರಿಯಾ ಇವತ್ತು ಜಿಡಿಪಿಯ ಶೇ 5ರಷ್ಟನ್ನು ಸಂಶೋಧನೆಗೆ ಹಾಕುತ್ತದೆ, ತೈವಾನ್ ಶೇ 4ರ ಆಸುಪಾಸು, ಸಿಂಗಪುರ ಶೇ 2ರ ಆಸುಪಾಸು, ಮಲೇಷ್ಯಾ ಮತ್ತು ಥಾಯ್ಲೆಂಡ್ ಶೇ 1ರ ಆಸುಪಾಸು, ವಿಯೆಟ್ನಾಂ ಮತ್ತು ಇಂಡೋನೇಷ್ಯಾ ಅರ್ಧ ಪರ್ಸೆಂಟೂ ಇಲ್ಲ. ಈ ಸಾಲು ನೋಡಿದರೆ ಖರ್ಚು ಏರಿಸಿದರೆ ಸಾಕು ಅನ್ನಿಸುತ್ತದೆ ಅಲ್ವಾ? ಆದರೆ ಕೊರಿಯಾದ ಆ ಖರ್ಚಿನಲ್ಲಿ ಮುಕ್ಕಾಲು ಭಾಗ ಕಂಪನಿಗಳದ್ದು. ಸರ್ಕಾರ ಹೇಳಿತು ಅಂತ ಯಾವ ಕಂಪನಿಯೂ ವರ್ಷಾ ವರ್ಷ ಅಷ್ಟು ದುಡ್ಡು ಸುರಿಯುವುದಿಲ್ಲ. ಸುರಿಯದಿದ್ದರೆ ಮುಳುಗುತ್ತೇವೆ ಅನ್ನೋ ಭಯ ಇದ್ದಾಗ ಸುರಿಯುತ್ತದೆ. ಆ ಭಯ ಎಲ್ಲಿಂದ ಬಂತು ಅನ್ನೋದನ್ನು ನೋಡಬೇಕು.

ನನ್ನ ಲೆಕ್ಕದಲ್ಲಿ ದಾರಿ ಬೇರೆಯಾದದ್ದು ಇಲ್ಲಿ. ಕಲಿಯದಿದ್ದರೆ ಉಳಿಗಾಲವಿಲ್ಲ ಅನ್ನೋ ಒತ್ತಡ ಆ ದೇಶದೊಳಗಿನ ಯಾರ ಮೇಲಿತ್ತು? ಮತ್ತು ಕಲಿಯಬಲ್ಲ ಜನ ಅವರ ಕೈಗೆ ಸಿಕ್ಕಿದರೇ? ಇವೆರಡೂ ಒಟ್ಟಿಗೆ ಇದ್ದ ಕಡೆ ಹೊಸದು ಹುಟ್ಟಿತು. ಒಂದೇ ಇದ್ದ ಕಡೆ ಹುಟ್ಟಲಿಲ್ಲ, ಅಥವಾ ಹುಟ್ಟಿ ಬೇರೆಡೆಗೆ ಹೋಯಿತು.

ತೈವಾನ್ ಕಥೆ ನೋಡಿ. 1974ರ ಫೆಬ್ರವರಿಯ ಒಂದು ಬೆಳಗ್ಗೆ ತೈಪೆಯ ಸೋಯಾ ಹಾಲಿನ ಹೋಟೆಲೊಂದರಲ್ಲಿ ಏಳು ಜನ ತಿಂಡಿಗೆ ಸೇರಿದರು. ಅವರಲ್ಲಿ ಆರ್ಥಿಕ ವ್ಯವಹಾರಗಳ ಸಚಿವ ಸನ್ ಯುನ್-ಸುವಾನ್ ಇದ್ದರು. ಅಮೆರಿಕದ ಆರ್‌ಸಿಎ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಪ್ಯಾನ್ ವೆನ್-ಯುವಾನ್ ಕೂಡ ಇದ್ದರು. ಚಿಪ್ ತಯಾರಿಕೆಯನ್ನೇ ಕಲಿಯೋಣ, ತಂತ್ರಜ್ಞಾನವನ್ನು ಹೊರಗಿನಿಂದ ಕೊಂಡು ತರೋಣ ಅಂತ ಅಲ್ಲಿ ಮಾತಾಯಿತು. 1976ರಲ್ಲಿ ಆರ್‌ಸಿಎ ಜೊತೆ ಒಪ್ಪಂದ ಆಯಿತು. ಕೊಂಡದ್ದು ಆಗಲೇ ಹಳತಾಗಿದ್ದ ತಂತ್ರಜ್ಞಾನ. ಅದರ ಜೊತೆ ಸುಮಾರು 40 ಎಂಜಿನಿಯರ್‌ಗಳನ್ನು ಅಮೆರಿಕಕ್ಕೆ ಕಳಿಸಿದರು, ವಿನ್ಯಾಸದಿಂದ ಹಿಡಿದು ಕಾರ್ಖಾನೆಯ ಲೆಕ್ಕಪತ್ರದವರೆಗೆ ಎಲ್ಲ ಕಲಿತು ಬನ್ನಿ ಅಂತ. ಅವರು ಬಂದು ಮೊದಲು ಮಾಡಿದ್ದು ಎಲೆಕ್ಟ್ರಾನಿಕ್ ವಾಚಿನ ಚಿಪ್. ಕೇಳೋಕೆ ಸಪ್ಪೆ ಅನ್ನಿಸಬಹುದು. ಆದರೆ ವಾಚಿನ ಚಿಪ್‌ಗೆ ಮಾರುಕಟ್ಟೆ ಇತ್ತು, ಮಾರಿದರೆ ದುಡ್ಡು ಬರುತ್ತಿತ್ತು, ಕೆಟ್ಟ ಚಿಪ್ ಮಾಡಿದರೆ ಹಾಂಕಾಂಗ್‌ನ ವಾಚಿನವರು ಕೊಳ್ಳುತ್ತಿರಲಿಲ್ಲ. ಪರೀಕ್ಷೆ ನಡೆದದ್ದು ಮಾರುಕಟ್ಟೆಯಲ್ಲೇ.

ಇದೆಲ್ಲ ನಡೆದದ್ದು ಐಟಿಆರ್‌ಐ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯೊಳಗೆ. 1973ರಲ್ಲಿ ಹುಟ್ಟಿದ ಈ ಸಂಸ್ಥೆಯ ಒಂದು ಗುಣ ನನಗೆ ಬಹಳ ಇಷ್ಟ. ಕಲಿತವರನ್ನು ಅದು ತನ್ನಲ್ಲೇ ಕಟ್ಟಿಹಾಕಲಿಲ್ಲ. ಒಂದು ತಂಡ ಪಳಗಿದ ಕೂಡಲೇ ಯಂತ್ರ, ಜನ, ಲೈಸೆನ್ಸ್ ಎಲ್ಲವನ್ನೂ ಸೇರಿಸಿ ಕಂಪನಿಯಾಗಿ ಹೊರಗೆ ಕಳಿಸಿತು. 1980ರಲ್ಲಿ ಯುಎಂಸಿ ಹಾಗೆ ಹೊರಬಂತು. ಅದೇ ವರ್ಷ ಶಿಂಚು ವಿಜ್ಞಾನ ಪಾರ್ಕ್ ತೆರೆಯಿತು. ಅಮೆರಿಕದಲ್ಲಿ ಓದಿ ಅಲ್ಲೇ ಉಳಿದಿದ್ದ ತೈವಾನಿನ ಎಂಜಿನಿಯರ್‌ಗಳು ವಾಪಸ್ ಬರಲಿ ಅಂತ ಅಲ್ಲಿ ಮನೆ ಕಟ್ಟಿಸಿದರು, ಮಕ್ಕಳಿಗೆ ಎರಡು ಭಾಷೆಯ ಶಾಲೆ ತೆರೆದರು. ಶಾಲೆಯ ಬಗ್ಗೆ ಯೋಚಿಸಿದ ಅಧಿಕಾರಿ ಯಾರೋ ಗೊತ್ತಿಲ್ಲ, ಆದರೆ ಆ ಮನುಷ್ಯನಿಗೆ ಸಂಸಾರ ಗೊತ್ತಿತ್ತು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ 25 ವರ್ಷ ದುಡಿದ ಮಾರಿಸ್ ಚಾಂಗ್ 1985ರಲ್ಲಿ ಐಟಿಆರ್‌ಐ ಮುಖ್ಯಸ್ಥರಾಗಿ ತೈವಾನ್‌ಗೆ ಬಂದರು. ಆಗ ಅವರಿಗೆ 54 ವರ್ಷ. ಎರಡು ವರ್ಷದಲ್ಲಿ ಟಿಎಸ್‌ಎಂಸಿ ಹುಟ್ಟಿತು. ಸರ್ಕಾರದ ಪಾಲು ಅರ್ಧದ ಹತ್ತಿರ, ಡಚ್ ಕಂಪನಿ ಫಿಲಿಪ್ಸ್ ಪಾಲು ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ. ಉಳಿದದ್ದನ್ನು ಹಾಕಲು ತೈವಾನಿನ ದೊಡ್ಡ ವ್ಯಾಪಾರಿಗಳಿಗೆ ಮನಸ್ಸೇ ಇರಲಿಲ್ಲ, ಸರ್ಕಾರ ಒತ್ತಾಯ ಮಾಡಿ ಹಾಕಿಸಿತು. ತನ್ನದೇ ಹೆಸರಿನ ಚಿಪ್ ಮಾಡುವುದಿಲ್ಲ, ಬೇರೆಯವರು ವಿನ್ಯಾಸ ಮಾಡಿದ್ದನ್ನು ತಯಾರಿಸಿ ಕೊಡುತ್ತೇನೆ ಅನ್ನೋದು ಅದರ ವ್ಯಾಪಾರದ ರೀತಿ. ಆಗ ಅದು ವಿಚಿತ್ರ ಅನ್ನಿಸಿತ್ತು. ಇವತ್ತು ಹೀಗೆ ಗುತ್ತಿಗೆಗೆ ಚಿಪ್ ತಯಾರಿಸುವ ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದೇ ಕಂಪನಿಯ ಕೈಯಲ್ಲಿದೆ.

ಕೊರಿಯಾದ ದಾರಿ ಇದಕ್ಕಿಂತ ಒರಟು. 1961ರಲ್ಲಿ ಸೇನಾ ಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಪಾರ್ಕ್ ಚುಂಗ್-ಹೀ ಬ್ಯಾಂಕುಗಳನ್ನು ಸರ್ಕಾರದ ಹಿಡಿತಕ್ಕೆ ತಂದರು. ದೊಡ್ಡ ಮನೆತನದ ಕಂಪನಿಗಳಿಗೆ ಅಗ್ಗದ ಸಾಲ ಕೊಟ್ಟರು, ಷರತ್ತು ಒಂದೇ: ರಫ್ತು ಮಾಡಿ ತೋರಿಸಬೇಕು. ಪ್ರತಿ ತಿಂಗಳು ರಫ್ತು ಸಭೆ, ಅದರಲ್ಲಿ ಅಧ್ಯಕ್ಷರೇ ಕೂರುತ್ತಿದ್ದರು. ರಫ್ತು ಆಗದವನಿಗೆ ಮುಂದಿನ ಸಾಲ ಕಷ್ಟ. ಒಳಗಿನ ಮಾರುಕಟ್ಟೆಯಲ್ಲಿ ರಕ್ಷಣೆ, ಹೊರಗಿನ ಮಾರುಕಟ್ಟೆಯಲ್ಲಿ ಪರೀಕ್ಷೆ. ಸಂಘ ಕಟ್ಟಿದ ಕಾರ್ಮಿಕರನ್ನು ಜೈಲಿಗೆ ಹಾಕಿದ ಸರ್ಕಾರ ಅದು, ತೈವಾನ್‌ನಲ್ಲೂ 1987ರವರೆಗೆ ಮಾರ್ಷಲ್ ಲಾ ಇತ್ತು. ಇದನ್ನು ಮರೆತು ಬರೀ ಬೆಳವಣಿಗೆಯನ್ನು ಹೊಗಳುವ ಲೇಖನಗಳನ್ನು ಓದಿದರೆ ನನಗೆ ಕಿರಿಕಿರಿ ಆಗುತ್ತದೆ. ಸರ್ವಾಧಿಕಾರ ಇದ್ದದ್ದರಿಂದಲೇ ಇದೆಲ್ಲ ಆಯಿತು ಅನ್ನೋ ವಾದವೂ ನಿಲ್ಲುವುದಿಲ್ಲ. ಸರ್ವಾಧಿಕಾರ ಫಿಲಿಪ್ಪೀನ್ಸ್‌ನಲ್ಲೂ ಇತ್ತು, ಇಂಡೋನೇಷ್ಯಾದಲ್ಲೂ ಇತ್ತು.

ಹ್ಯುಂಡೈ ಮೊದಲ ಸ್ವಂತ ಕಾರು ಪೋನಿಯನ್ನು ತಯಾರಿಸಿದ್ದು 1975ರಲ್ಲಿ. ಎಂಜಿನ್ ತಂತ್ರಜ್ಞಾನ ಮಿತ್ಸುಬಿಷಿಯದು, ಹೊರ ವಿನ್ಯಾಸ ಇಟಲಿಯವರದ್ದು, ಯೋಜನೆ ನೋಡಿಕೊಂಡದ್ದು ಬ್ರಿಟನ್‌ನಿಂದ ಕರೆತಂದ ಜಾರ್ಜ್ ಟರ್ನ್‌ಬುಲ್. ಮರುವರ್ಷವೇ ಈಕ್ವೆಡಾರ್‌ಗೆ ರಫ್ತು ಶುರು. ಸ್ವಂತ ಎಂಜಿನ್ ಬಂದದ್ದು 1991ರಲ್ಲಿ. ಅಂದರೆ ಹದಿನೈದು ಹದಿನಾರು ವರ್ಷ ಬೇರೆಯವರ ಎಂಜಿನ್ ಹಾಕಿಕೊಂಡು ಮಾರುತ್ತಾ ಮಾರುತ್ತಾ ಕಲಿತರು. ಸ್ಯಾಮ್‌ಸಂಗ್ 1983ರಲ್ಲಿ ಮೆಮೊರಿ ಚಿಪ್ ಮಾಡುತ್ತೇವೆ ಅಂದಾಗ ಮೊದಲ ವಿನ್ಯಾಸ ಅಮೆರಿಕದ ಮೈಕ್ರಾನ್‌ನಿಂದ ಬಂದದ್ದು. ಒಂದೆರಡು ವರ್ಷದಲ್ಲೇ ಮೆಮೊರಿ ಬೆಲೆ ಕುಸಿದು ಕಂಪನಿ ಭಾರೀ ನಷ್ಟ ತಿಂದಿತು. ಬಿಡಲಿಲ್ಲ. 1992ರಲ್ಲಿ 64 ಮೆಗಾಬಿಟ್ ಚಿಪ್ಪನ್ನು ಜಗತ್ತಿನಲ್ಲೇ ಮೊದಲು ಮಾಡಿತು. ಜನರ ವಿಷಯದಲ್ಲೂ ಹಾಗೇ. 1966ರಲ್ಲಿ ಕಟ್ಟಿದ ಕಿಸ್ಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಗೆ ಹೊರದೇಶದಲ್ಲಿದ್ದ ಕೊರಿಯನ್ ವಿಜ್ಞಾನಿಗಳನ್ನು ಕರೆತರಲು ಪ್ರಾಧ್ಯಾಪಕರಿಗಿಂತ ಜಾಸ್ತಿ ಸಂಬಳ ಕೊಟ್ಟರು. ವಿಶ್ವವಿದ್ಯಾಲಯದವರು ಮುನಿಸಿಕೊಂಡರು, ಆದರೂ ಕೊಟ್ಟರು.

ಇದಕ್ಕೂ ಹಿಂದಿನ ಒಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಎರಡನೇ ಮಹಾಯುದ್ಧದ ನಂತರ ಜಪಾನ್, ಕೊರಿಯಾ, ತೈವಾನ್ ಮೂರರಲ್ಲೂ ಭೂಸುಧಾರಣೆ ಗಟ್ಟಿಯಾಗಿ ನಡೆಯಿತು. ಗೇಣಿದಾರ ಭೂಮಿಯ ಒಡೆಯನಾದ. ಅವನ ಮಗ ಶಾಲೆಗೆ ಹೋದ, ಸ್ವಲ್ಪ ತಡವಾಗಿ ಮಗಳೂ ಹೋದಳು. ಫಿಲಿಪ್ಪೀನ್ಸ್‌ನಲ್ಲಿ ಜಮೀನ್ದಾರ ಮನೆತನಗಳು ಹಾಗೇ ಉಳಿದವು, ಕಾಲಕ್ರಮೇಣ ಅವರೇ ಬ್ಯಾಂಕು, ಅವರೇ ಮಾಲ್, ಅವರೇ ಸಂಸದರು. ಅಂಥವರ ಮೇಲೆ ರಫ್ತು ಮಾಡು ಅಂತ ಒತ್ತಡ ಹಾಕುವವರು ಯಾರು?

ಈಗ ಮಲೇಷ್ಯಾಕ್ಕೆ ಬರೋಣ. ಸಂಸ್ಕೃತಿಯ ವಾದ ಮುರಿದು ಬೀಳುವುದು ಇಲ್ಲೇ. ಒಂದೇ ದೇಶ, ಅದೇ ಜನ, ಅದೇ ಸರ್ಕಾರ. ಆದರೆ ಮೂರು ಉದ್ಯಮದಲ್ಲಿ ಮೂರು ಬೇರೆ ಫಲ.

ಮೊದಲನೆಯದು ಪೆನಾಂಗ್. 1969ರಲ್ಲಿ ಆ ದ್ವೀಪದ ಸುಂಕವಿಲ್ಲದ ಬಂದರಿನ ಸವಲತ್ತು ಹೋಯಿತು, ನಿರುದ್ಯೋಗ ಏರಿತು. ಮುಖ್ಯಮಂತ್ರಿ ಲಿಮ್ ಚಾಂಗ್ ಯೂ ಬಯಾನ್ ಲೆಪಾಸ್‌ನ ಗದ್ದೆ ಬಯಲಲ್ಲಿ ಕೈಗಾರಿಕಾ ವಲಯ ಮಾಡಿ, ದೇಶದೇಶ ಸುತ್ತಿ ಕಂಪನಿಗಳನ್ನು ಕರೆತಂದರು. ಇಂಟೆಲ್, ಎಎಂಡಿ, ಎಚ್‌ಪಿ, ಹಿಟಾಚಿ, ಬಾಷ್ ಎಲ್ಲ ಬಂದವು. ಒಳ್ಳೆಯ ಕೆಲಸವೇ, ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಇವತ್ತು ಜಗತ್ತಿನ ಚಿಪ್ ಪ್ಯಾಕಿಂಗ್ ಮತ್ತು ಪರೀಕ್ಷೆಯಲ್ಲಿ ಮಲೇಷ್ಯಾದ ಪಾಲು ಶೇ 13ರಷ್ಟು. ಆದರೆ ಏನು ತಯಾರಿಸಬೇಕು ಅನ್ನೋ ತೀರ್ಮಾನ ಕ್ಯಾಲಿಫೋರ್ನಿಯಾದಲ್ಲೇ ಉಳಿಯಿತು. ಪೆನಾಂಗ್‌ನ ಎಂಜಿನಿಯರ್ ಕಲಿಯಲಿಲ್ಲ ಅಂತಲ್ಲ, ಬಹಳ ಕಲಿತ. ಎಚ್‌ಪಿಯಿಂದ ಬೇರೆಯಾದ ಅಜಿಲೆಂಟ್‌ನಲ್ಲಿ ಪಳಗಿದವರು 2000ದಲ್ಲಿ ವಿಟ್ರಾಕ್ಸ್ ಅಂತ ಕಂಪನಿ ಕಟ್ಟಿ ಚಿಪ್‌ಗಳ ದೋಷ ಕಂಡುಹಿಡಿಯುವ ಯಂತ್ರ ಮಾಡಿದರು, ಅದು ಈಗ ಹಲವು ದೇಶಗಳಿಗೆ ಹೋಗುತ್ತದೆ. ಇಂಟೆಲ್‌ನಲ್ಲಿದ್ದವರು ಗ್ಲೋಬೆಟ್ರಾನಿಕ್ಸ್ ಕಟ್ಟಿದರು. ಆದರೆ ಇಂಥವು ಬೆರಳೆಣಿಕೆ. ಅವರ ಬೆನ್ನಿಗೆ ಐಟಿಆರ್‌ಐ ಥರದ್ದು ಯಾವುದೂ ಇರಲಿಲ್ಲ. ಮಿಮೋಸ್ ಅನ್ನೋ ಸರ್ಕಾರಿ ಸಂಸ್ಥೆ 1985ರಲ್ಲಿ ಹುಟ್ಟಿತು ನಿಜ, ಆದರೆ ಅದಿದ್ದದ್ದು ಕ್ವಾಲಾಲಂಪುರದ ಕಡೆ. ಕಾರ್ಖಾನೆಗಳಿದ್ದದ್ದು ಪೆನಾಂಗ್‌ನಲ್ಲಿ.

ಎರಡನೆಯದು ಪ್ರೋಟಾನ್ ಕಾರು. ಪ್ರಧಾನಿ ಮಹಾತಿರ್ ಅವರ ಕನಸಿನ ಕೂಸು, 1983ರಲ್ಲಿ ಸ್ಥಾಪನೆ, 1985ರಲ್ಲಿ ಸಾಗಾ ರಸ್ತೆಗೆ ಬಂತು. ತಂತ್ರಜ್ಞಾನ ಇಲ್ಲೂ ಮಿತ್ಸುಬಿಷಿಯದೇ. ಅಂದರೆ ಹ್ಯುಂಡೈಗೆ ಸಿಕ್ಕ ಗುರುವೇ ಇವರಿಗೂ ಸಿಕ್ಕ. ಹೊರಗಿನ ಕಾರಿಗೆ ಭಾರೀ ಸುಂಕ ಹಾಕಿದರು, ಒಂದು ಕಾಲಕ್ಕೆ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟಾನ್‌ದೇ ಆಗಿತ್ತು. ತೊಂದರೆ ಶುರುವಾದದ್ದೂ ಅಲ್ಲೇ. ಮನೆಯೊಳಗೇ ಅಷ್ಟು ಮಾರಾಟ ಆಗುವಾಗ ಹೊರಗೆ ಹೋಗಿ ಬಡಿದಾಡುವ ಅಗತ್ಯ ಯಾರಿಗಿದೆ? ಬಿಡಿಭಾಗ ಒದಗಿಸುವವರನ್ನು ಆರಿಸುವಾಗಲೂ ಗುಣಮಟ್ಟದ ಜೊತೆ ಬೇರೆ ಲೆಕ್ಕಗಳು ಸೇರಿಕೊಂಡವು. ಸ್ವಂತ ಎಂಜಿನ್ ಮಾಡಿದರು, ಅದೂ 2004ರಲ್ಲಿ. ಅಷ್ಟು ಹೊತ್ತಿಗೆ ಕಾಲ ಮೀರಿತ್ತು. 2017ರಲ್ಲಿ ಚೀನಾದ ಜೀಲಿ ಕಂಪನಿ ಶೇ 49.9 ಪಾಲು ಕೊಂಡಿತು. ರಕ್ಷಣೆ ಕೊರಿಯಾದಲ್ಲೂ ಇತ್ತು, ಇಲ್ಲೂ ಇತ್ತು. ಅಲ್ಲಿ ಇದ್ದ ರಫ್ತಿನ ಗಡುವು ಇಲ್ಲಿರಲಿಲ್ಲ.

ಮೂರನೆಯದು ಯಾರೂ ಇನ್ನೋವೇಷನ್ ಪಟ್ಟಿಯಲ್ಲಿ ಹಾಕದ ತಾಳೆ ಎಣ್ಣೆ. ನನಗೆ ಇದೇ ಎಲ್ಲಕ್ಕಿಂತ ಸೊಗಸಾದ ಕಥೆ. ಎಣ್ಣೆ ತಾಳೆ ಪಶ್ಚಿಮ ಆಫ್ರಿಕಾದ ಮರ. ಮಲಯಕ್ಕೆ, ಅಂದರೆ ಇಂದಿನ ಮಲೇಷ್ಯಾಕ್ಕೆ, ಮರ ಬಂತು, ಅದರ ಪರಾಗ ಹೊರುವ ಹುಳು ಬರಲಿಲ್ಲ. ಹಾಗಾಗಿ ದಶಕಗಳ ಕಾಲ ತೋಟದ ಕೂಲಿಗಳು ಕೈಯಿಂದ ಹೂಗೊಂಚಲಿಗೆ ಪರಾಗ ಹಾಕುತ್ತಿದ್ದರು. ಆಫ್ರಿಕಾದಲ್ಲಿ ಪರಾಗವನ್ನು ಗಾಳಿ ಹೊರುತ್ತದೆ ಅಂತ ತಜ್ಞರು ನಂಬಿದ್ದರು. ಯೂನಿಲಿವರ್‌ನ ತೋಟಗಳಲ್ಲಿ ದುಡಿದಿದ್ದ ಲೆಸ್ಲಿ ಡೇವಿಡ್‌ಸನ್ ಎಂಬ ಸ್ಕಾಟಿಷ್ ಪ್ಲಾಂಟರ್ ಕ್ಯಾಮರೂನ್‌ನಲ್ಲಿದ್ದಾಗ ಹೂವಿನ ಮೇಲೆ ಮುತ್ತುತ್ತಿದ್ದ ಸಣ್ಣ ಮೂತಿ ಹುಳುಗಳನ್ನು ಗಮನಿಸಿದ್ದರು. ಅದನ್ನು ತನಿಖೆ ಮಾಡಲು ಪಾಕಿಸ್ತಾನದ ಕೀಟತಜ್ಞ ರಹಮಾನ್ ಸೈಯದ್ ಕ್ಯಾಮರೂನ್‌ಗೆ ಹೋದರು. ಪರಾಗ ಹೊರುವುದು ಆ ಹುಳುವೇ ಅಂತ ಖಚಿತವಾಯಿತು. ಬೇರೆ ಬೆಳೆಗೆ ತೊಂದರೆ ಮಾಡುತ್ತದೆಯೇ ಅಂತ ಪರೀಕ್ಷೆ ಮಾಡಿ, ಸರ್ಕಾರದ ಅನುಮತಿ ಪಡೆದು, 1981ರಲ್ಲಿ ಮಲೇಷ್ಯಾದ ತೋಟದಲ್ಲಿ ಬಿಟ್ಟರು. ಹುಳು ತಾನೇ ತಾನಾಗಿ ಹರಡಿತು, ಕಾಯಿ ಕಟ್ಟುವುದು ಏರಿತು, ಕೈಯಿಂದ ಪರಾಗ ಹಾಕುವ ಕೆಲಸವೇ ಬೇಡವಾಯಿತು.

ಆ ಹುಳು ಕಥೆಯ ಒಂದು ತುಂಡು ಮಾತ್ರ. ಅದರ ಸುತ್ತ ಒಂದು ವ್ಯವಸ್ಥೆ ಇತ್ತು. ಮಾರಾಟವಾಗುವ ಪ್ರತಿ ಟನ್ ಎಣ್ಣೆಯ ಮೇಲೆ ಸೆಸ್, ಆ ದುಡ್ಡು 1979ರಲ್ಲಿ ಕಟ್ಟಿದ ತಾಳೆ ಎಣ್ಣೆ ಸಂಶೋಧನಾ ಸಂಸ್ಥೆಗೆ. ಬೆಳೆಗಾರ ತನ್ನ ಜೇಬಿನಿಂದ ಕೊಡುತ್ತಿದ್ದದ್ದರಿಂದ ಏನು ಸಂಶೋಧನೆ ಮಾಡಿದಿರಿ ಅಂತ ಕೇಳುವ ಹಕ್ಕೂ ಅವನಿಗಿತ್ತು. ಕಚ್ಚಾ ಎಣ್ಣೆ ರಫ್ತು ಮಾಡಿದರೆ ಸುಂಕ ಜಾಸ್ತಿ, ಶುದ್ಧೀಕರಿಸಿ ಕಳಿಸಿದರೆ ಕಡಿಮೆ ಅಂತ 1970ರ ದಶಕದಲ್ಲಿ ಮಾಡಿದ ನಿಯಮದಿಂದ ಸಾಲುಸಾಲು ರಿಫೈನರಿಗಳು ಎದ್ದವು. ಮಾರುಕಟ್ಟೆ ಇಡೀ ಜಗತ್ತು, ಎದುರಿಗೆ ಸೋಯಾಬೀನ್ ಎಣ್ಣೆಯ ಪೈಪೋಟಿ, ಸುಮ್ನೆ ಕೂರುವ ಹಾಗೇ ಇರಲಿಲ್ಲ. ಕಾಡು ಕಡಿದದ್ದು, ಕೂಲಿಗಳನ್ನು ನಡೆಸಿಕೊಂಡದ್ದು ಇದರ ಕರಾಳ ಮುಖ, ಅದನ್ನು ಮುಚ್ಚಿಡುವುದು ಬೇಡ. ಆದರೆ ಕಲಿಯುವ ವಿಷಯಕ್ಕೆ ಬಂದರೆ, ಪ್ರೋಟಾನ್ ಮಾಡಲಾಗದ್ದನ್ನು ಅದೇ ದೇಶದ ತೋಟಗಳು ಮಾಡಿದವು.

ಮಲೇಷ್ಯಾದ ದೊಡ್ಡ ಸೋರಿಕೆ ಮಾತ್ರ ಜನರದ್ದು. 1969ರ ಜನಾಂಗೀಯ ಗಲಭೆಯ ನಂತರ 1971ರಲ್ಲಿ ಹೊಸ ಆರ್ಥಿಕ ನೀತಿ ಬಂತು. ಮಲಯ ಜನರಿಗೆ ಓದು, ಉದ್ಯೋಗ, ಷೇರುಗಳಲ್ಲಿ ಮೀಸಲು. ಬಡತನ ಇಳಿದದ್ದು ನಿಜ, ಹಳ್ಳಿಯ ಮಲಯ ಮಕ್ಕಳು ಎಂಜಿನಿಯರ್ ಆದದ್ದೂ ನಿಜ. ಇನ್ನೊಂದು ಕಡೆ, ಸೀಟು ಸಿಗದ, ಬಡ್ತಿ ಸಿಗದ ಚೀನೀ ಮತ್ತು ಭಾರತೀಯ ಮೂಲದವರು ಸಿಂಗಪುರಕ್ಕೆ, ಆಸ್ಟ್ರೇಲಿಯಾಕ್ಕೆ ಹೋದರು. ಹೊರಗೆ ನೆಲೆಸಿದ ಮಲೇಷ್ಯನ್ನರು ಸುಮಾರು 10 ಲಕ್ಷ ಅಂತ 2011ರಲ್ಲಿ ವಿಶ್ವಬ್ಯಾಂಕ್ ಅಂದಾಜು ಮಾಡಿತ್ತು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಂಗಪುರದಲ್ಲಿ. ಯಾಕೆ ಹೋದಿರಿ ಅಂತ ಕೇಳಿದಾಗ ಬಂದ ಮುಖ್ಯ ಉತ್ತರಗಳು: ವೃತ್ತಿಯ ಅವಕಾಶ, ಸಾಮಾಜಿಕ ಅನ್ಯಾಯ, ಸಂಬಳ. ಸಿಂಗಪುರ ಇದನ್ನು ಚೆನ್ನಾಗಿ ಬಳಸಿಕೊಂಡಿತು. ಅದು ಚಿಕ್ಕ ಊರು, ಕಲಿಯಬಲ್ಲ ಜನರನ್ನು ಹೊರಗಿಂದಲೇ ತರಬೇಕು. 1979ರಲ್ಲಿ ಬೇಕಂತಲೇ ಕೂಲಿ ಏರಿಸಿ, ಅಗ್ಗದ ಕೈಕೆಲಸದ ಕಂಪನಿಗಳೇ ನೀವು ಬೇರೆ ಕಡೆ ಹೋಗಿ ಅಂದ ಸರ್ಕಾರ ಅದು. ಅಲ್ಲೂ ಹೊರಗಿನ ಕಂಪನಿಗಳದ್ದೇ ದರ್ಬಾರು. ಸ್ವಂತದ ದೊಡ್ಡ ಹೆಸರು ಹೇಳಿ ಅಂದರೆ ಕಂಪ್ಯೂಟರಿಗೆ ಧ್ವನಿ ಕೊಡುವ ಸೌಂಡ್ ಬ್ಲಾಸ್ಟರ್ ಕಾರ್ಡ್ ಮಾಡಿದ ಕ್ರಿಯೇಟಿವ್ ಟೆಕ್ನಾಲಜಿ ನೆನಪಾಗುತ್ತದೆ, ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಜೋಡಿಸಿದವರಿಗೆ ಗೊತ್ತಿರುತ್ತದೆ.

ಥಾಯ್ಲೆಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಾಲಕ್ಕೆ ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ ವಾಹನ ತಯಾರಿಸಿದ ದೇಶ, ಪಿಕಪ್ ಟ್ರಕ್‌ಗೆ ಹೆಸರುವಾಸಿ, ಆದರೆ ಬಾನೆಟ್ ಮೇಲಿನ ಹೆಸರು ಬಹುಪಾಲು ಜಪಾನಿನದು. ಈಗ ರಯೋಂಗ್‌ನಲ್ಲಿ ಚೀನಾದ ಬಿವೈಡಿ ಕಾರ್ಖಾನೆ ತೆರೆದಿದೆ, ಅಂದರೆ ಮೇಷ್ಟ್ರು ಬದಲಾದರು.

ವಿಯೆಟ್ನಾಂ ಸ್ವಲ್ಪ ಬೇರೆ, ನಮಗೆ ಹತ್ತಿರದ್ದೂ ಹೌದು. ಮಾರುಕಟ್ಟೆಗೆ ಬಾಗಿಲು ತೆರೆದ 1986ರ ದೊಯ್ ಮೊಯ್ ಸುಧಾರಣೆ, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರ್ಪಡೆ, 2009ರಿಂದ ಬಾಕ್ ನಿನ್‌ನಲ್ಲಿ ಸ್ಯಾಮ್‌ಸಂಗ್ ಫೋನ್ ತಯಾರಿಕೆ. ಇವತ್ತು ಸ್ಯಾಮ್‌ಸಂಗ್ ಫೋನುಗಳಲ್ಲಿ ಅರ್ಧದಷ್ಟು ಅಲ್ಲಿಂದ ಬರುತ್ತವೆ. ಆದರೆ ದೇಶದ ರಫ್ತಿನಲ್ಲಿ ಶೇ 70ಕ್ಕೂ ಜಾಸ್ತಿ ವಿದೇಶಿ ಬಂಡವಾಳದ ಕಂಪನಿಗಳದ್ದೇ. ಮಕ್ಕಳ ಓದು ಚೆನ್ನಾಗಿದೆ, ಹಲವು ದೇಶಗಳ 15 ವರ್ಷದ ಮಕ್ಕಳಿಗೆ ಒಟ್ಟಿಗೆ ನಡೆಯುವ ಪಿಸಾ ಪರೀಕ್ಷೆಯಲ್ಲಿ 2012ರಲ್ಲಿ ವಿಜ್ಞಾನದಲ್ಲಿ ಜಗತ್ತಿಗೇ 8ನೇ ಸ್ಥಾನ. ಕಲಿಯಬಲ್ಲ ಜನ ಇದ್ದಾರೆ, ಅವರನ್ನು ಬಳಸಿಕೊಳ್ಳುವ ಸ್ವದೇಶಿ ಕಂಪನಿ ಕಡಿಮೆ. ಅದಕ್ಕೇ ಇರಬೇಕು ವಿನ್‌ಫಾಸ್ಟ್ ಎಂಬ ಕಾರು ಕಂಪನಿಯ ಮೇಲೆ ಅಷ್ಟೊಂದು ಆಸೆ. ಅದು ಈಗ ತಮಿಳುನಾಡಿನ ತೂತ್ತುಕುಡಿಯಲ್ಲೂ ಕಾರ್ಖಾನೆ ತೆರೆದಿದೆ. ನಷ್ಟ ದೊಡ್ಡದಿದೆ, ತನ್ನದೇ ಮಾಲೀಕರ ಟ್ಯಾಕ್ಸಿ ಕಂಪನಿಗೆ ಬಹಳಷ್ಟು ಕಾರು ಮಾರುತ್ತದೆ. ಹೊರಗಿನ ಗ್ರಾಹಕ ಕೊಳ್ಳುತ್ತಾನೋ ಇಲ್ಲವೋ ಅನ್ನೋದರ ಮೇಲೆ ಅದು ಹ್ಯುಂಡೈ ಆಗುತ್ತದೋ ಪ್ರೋಟಾನ್ ಆಗುತ್ತದೋ ಗೊತ್ತಾಗುತ್ತದೆ. ನಮ್ಮ ದೇವನಹಳ್ಳಿಯ ಫಾಕ್ಸ್‌ಕಾನ್, ನರಸಾಪುರದ ಟಾಟಾ ಘಟಕಗಳಲ್ಲಿ ಐಫೋನ್ ಜೋಡಣೆ ನಡೆಯುವಾಗ ಎಷ್ಟು ಲಕ್ಷ ಫೋನ್ ಅನ್ನೋದಷ್ಟೇ ಸುದ್ದಿಯಾಗುತ್ತದೆ. ಅಚ್ಚು ಯಾರದು, ಪರೀಕ್ಷೆ ಮಾಡುವ ಯಂತ್ರ ಯಾರದು, ಕೋಲಾರದ ಯಾವ ಸಣ್ಣ ಘಟಕಕ್ಕೆ ಆರ್ಡರ್ ಸಿಕ್ಕಿತು ಅನ್ನೋದನ್ನು ಯಾರಾದರೂ ವರದಿ ಮಾಡಿದರೆ ನಾನಂತೂ ಓದುತ್ತೇನೆ.

ಇಂಡೋನೇಷ್ಯಾದ್ದು ಆಸೆ ಮತ್ತು ನಿರಾಸೆಯ ಕಥೆ. ಜರ್ಮನಿಯಲ್ಲಿ ವಿಮಾನ ಎಂಜಿನಿಯರ್ ಆಗಿದ್ದ ಹಬೀಬಿಯವರನ್ನು ಅಧ್ಯಕ್ಷ ಸುಹಾರ್ತೊ ಕರೆಸಿಕೊಂಡರು. 1976ರಲ್ಲಿ ವಿಮಾನ ಕಂಪನಿ, 1995ರಲ್ಲಿ ಸ್ವಂತ ವಿನ್ಯಾಸದ ಎನ್-250 ಹಾರಿತು. ಕಲಿತ ಜನ ಇದ್ದರು. ಆದರೆ ಕಂಪನಿ ಸರ್ಕಾರದ ದುಡ್ಡಿನ ಮೇಲೆ ನಿಂತಿತ್ತು, ಕೊಳ್ಳುವವರು ಬೆರಳೆಣಿಕೆ. 1998ರಲ್ಲಿ ಐಎಂಎಫ್ ಷರತ್ತಿಗೆ ಒಪ್ಪಿ ನೆರವು ನಿಲ್ಲಿಸಿದಾಗ ಯೋಜನೆಯೂ ನಿಂತಿತು. ಮುಂದೆ ಅದೇ ದೇಶದಲ್ಲಿ ಗೊಜೆಕ್ ಬಂತು, ಜಕಾರ್ತದ ಟ್ರಾಫಿಕ್ಕಿನಲ್ಲಿ ಬೈಕ್ ಟ್ಯಾಕ್ಸಿಯನ್ನು ಆ್ಯಪ್‌ಗೆ ತಂದದ್ದು. ಬಳಕೆದಾರರು ಏರಿದ ವೇಗಕ್ಕೆ ಆ್ಯಪ್ ಕುಸಿಯತೊಡಗಿತು, ಬೇಕಾದಷ್ಟು ಎಂಜಿನಿಯರ್‌ಗಳು ಅಲ್ಲಿ ಸಿಗಲಿಲ್ಲ. 2016ರಲ್ಲಿ ಗೊಜೆಕ್ ಬೆಂಗಳೂರಿನ ಸಿ42 ಎಂಬ ಕಂಪನಿಯನ್ನೂ ದೆಹಲಿಯ ಕೋಡ್‌ಇಗ್ನಿಷನ್ನನ್ನೂ ಕೊಂಡು, ಬೆಂಗಳೂರಲ್ಲೇ ಎಂಜಿನಿಯರಿಂಗ್ ಕಚೇರಿ ತೆರೆಯಿತು. ಒತ್ತಡ ಜಕಾರ್ತದ್ದು, ಕಲಿತದ್ದು ಬೆಂಗಳೂರು.

ನಮ್ಮ ಊರಿನ ಮಟ್ಟಿಗೆ ಇದು ಹೊಸದೇನಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಿಂಗಪುರ, ತೈವಾನ್, ಮಲೇಷ್ಯಾಕ್ಕೆ ಹೋದದ್ದು ಜೋಡಣೆಗೆ, 1985ರಲ್ಲಿ ಬೆಂಗಳೂರಿಗೆ ಬಂದದ್ದು ವಿನ್ಯಾಸಕ್ಕೆ. ನಾವು ಕೆಳಗಿನ ಮೆಟ್ಟಿಲು ಹತ್ತದೆ ನೇರ ಮೇಲಿನದಕ್ಕೆ ಹೋದೆವು ಅಂತ ಹೆಮ್ಮೆಪಡುವವರಿದ್ದಾರೆ. ನಾಲ್ಕು ದಶಕ ಚಿಪ್ ವಿನ್ಯಾಸ ಮಾಡಿದ ಊರಿನಿಂದ ಜಗತ್ತಿಗೆ ಗೊತ್ತಿರುವ ಸ್ವಂತ ಚಿಪ್ ಕಂಪನಿ ಯಾವುದು ಅಂತ ಕೇಳಿದರೆ ಉತ್ತರಕ್ಕೆ ತಡಕಾಡಬೇಕು.

ಗೆದ್ದವರು ಗೆದ್ದೇ ಇರುತ್ತಾರೆ ಅಂತಲೂ ಇಲ್ಲ. ಕೊರಿಯಾ ಸರ್ಕಾರ 2024ರ ಸಂಶೋಧನಾ ಬಜೆಟ್ಟನ್ನು ಶೇ 15ರಷ್ಟು ಕಡಿತ ಮಾಡಿತು. ಲ್ಯಾಬ್‌ಗಳಲ್ಲಿ ದುಡಿಯುವ ಪಿಎಚ್‌ಡಿ ಹುಡುಗರಿಗೆ ಮೊದಲ ಪೆಟ್ಟು. ಆ ಫೆಬ್ರವರಿಯಲ್ಲಿ ಕೈಸ್ಟ್ ಎಂಬ ವಿಜ್ಞಾನ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಆಗಿನ ಅಧ್ಯಕ್ಷ ಯೂನ್ ಭಾಷಣ ಮಾಡುವಾಗ ಪದವಿ ಪಡೆಯಲು ಬಂದವನೊಬ್ಬ ಬಜೆಟ್ ವಾಪಸ್ ಕೊಡಿ ಅಂತ ಕೂಗಿದ, ಭದ್ರತಾ ಸಿಬ್ಬಂದಿ ಬಾಯಿ ಮುಚ್ಚಿ ಹೊತ್ತೊಯ್ದರು. ಮುಂದಿನ ವರ್ಷಕ್ಕೆ ಹಣ ವಾಪಸ್ ಬಂತು, ಹೋದ ವಿಶ್ವಾಸದ ಕಥೆ ಬೇರೆ. ಚೆನ್ನಾಗಿ ಓದುವ ಮಕ್ಕಳು ಎಂಜಿನಿಯರಿಂಗ್ ಬಿಟ್ಟು ಮೆಡಿಕಲ್ ಸೀಟಿಗೆ ಮುಗಿಬೀಳುತ್ತಿದ್ದಾರೆ. ಹುಟ್ಟುವ ಮಕ್ಕಳೇ ಕಡಿಮೆ, 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಹೆಣ್ಣುಮಕ್ಕಳಿಗೆ ಕೆಲಸ ಮತ್ತು ಮನೆ ಎರಡರಲ್ಲೂ ಉಸಿರು ಬಿಡಲು ಜಾಗ ಕೊಡದ ಸಮಾಜದಲ್ಲಿ ಇದು ಆಶ್ಚರ್ಯವೂ ಅಲ್ಲ.

ಹಿಂದೆ ಉಳಿದವರು ಈಗ ಎದ್ದಿದ್ದಾರೆ. ವಿಯೆಟ್ನಾಂ ಕಮ್ಯುನಿಸ್ಟ್ ಪಕ್ಷದ ಪಾಲಿಟ್‌ಬ್ಯೂರೊ 2024ರ ಡಿಸೆಂಬರ್‌ನಲ್ಲಿ ಒಂದು ನಿರ್ಣಯ ಮಾಡಿ, 2030ರೊಳಗೆ ಸಂಶೋಧನೆಯ ಖರ್ಚು ಜಿಡಿಪಿಯ ಶೇ 2 ಮುಟ್ಟಬೇಕು ಅಂದಿದೆ. ಮಲೇಷ್ಯಾ 2024ರಲ್ಲಿ ಸೆಮಿಕಂಡಕ್ಟರ್ ಕಾರ್ಯತಂತ್ರ ತಂದು ಸುಮಾರು 2,500 ಕೋಟಿ ರಿಂಗಿಟ್ ಎತ್ತಿಟ್ಟಿತು. 2025ರ ಮಾರ್ಚ್‌ನಲ್ಲಿ ಬ್ರಿಟನ್‌ನ ಆರ್ಮ್ ಕಂಪನಿಯ ಜೊತೆ 25 ಕೋಟಿ ಡಾಲರಿನ, ಹತ್ತು ವರ್ಷದ ಒಪ್ಪಂದ ಮಾಡಿಕೊಂಡು ಚಿಪ್ ವಿನ್ಯಾಸದ ಹಕ್ಕುಗಳನ್ನು ಕೊಂಡಿತು, ಜೊತೆಗೆ 10,000 ಎಂಜಿನಿಯರ್‌ಗಳಿಗೆ ತರಬೇತಿ. ಕಾಗದದ ಮೇಲೆ ಇದು 1976ರ ತೈವಾನ್ ಮಾಡಿದ್ದನ್ನೇ ಹೋಲುತ್ತದೆ: ತಂತ್ರಜ್ಞಾನ ಕೊಳ್ಳು, ಜನರನ್ನು ತಯಾರು ಮಾಡು. ಆ ಹಕ್ಕುಗಳನ್ನು ಯಾವ ಕಂಪನಿಗಳಿಗೆ ಕೊಡುತ್ತಾರೆ, ಎಷ್ಟು ವರ್ಷದಲ್ಲಿ ಮಾರಿ ತೋರಿಸಬೇಕು, ತೋರಿಸದಿದ್ದರೆ ವಾಪಸ್ ಪಡೆಯುತ್ತಾರೋ ಇಲ್ಲವೋ ಅನ್ನೋದನ್ನು ಗಮನಿಸಬೇಕು. ಇನ್ನು ಆ 10,000 ಜನ. ಮಲೇಷ್ಯಾದ ಗಡಿ ರಾಜ್ಯ ಜೊಹೊರ್‌ನಿಂದ ಸೇತುವೆ ದಾಟಿದರೆ ಸಿಂಗಪುರ, ಅಲ್ಲಿನ ಒಂದು ಡಾಲರ್‌ಗೆ ಇಲ್ಲಿ ಮೂರು ರಿಂಗಿಟ್‌ಗಿಂತ ಜಾಸ್ತಿ. ದಿನಾ ಲಕ್ಷಾಂತರ ಮಲೇಷ್ಯನ್ನರು ಕೆಲಸಕ್ಕೆ ಆ ಗಡಿ ದಾಟುತ್ತಾರೆ. ತರಬೇತಿ ಮುಗಿಸಿದ ಎಂಜಿನಿಯರ್‌ಗೆ ಕ್ವಾಲಾಲಂಪುರದಲ್ಲಿ ಎಷ್ಟು ಸಂಬಳ ಕೊಡುತ್ತಾರೆ ಅನ್ನೋದು ಇನ್ನೂ ಯಾವ ಒಪ್ಪಂದದಲ್ಲೂ ಬರೆದಿಲ್ಲ.